ಕರಿಗಿರಿಯಿಂದ ಹುಲಿಕಲ್ಲಿನ ಸಾಲುಮರದವರೆಗೆ

ತುಮಕೂರು ಎಂದೊಡನೆ ನಮ್ಮ ನಾಡಿನ ಗೃಹಸ್ಥರಿಗೆ ನೆನಪಾಗತಕ್ಕವು ತೆಂಗಿನ ತೋಟಗಳು, ಕ್ಯಾತಸಂದ್ರದ ತಟ್ಟೆ ಇಡ್ಲಿ, ಸಿದ್ಧಗಂಗೆಯ ದಾಸೋಹ, ದೇವರಾಯನದುರ್ಗದ ನರಸಿಂಹಸ್ವಾಮಿ. ಇವುಗಳಿಗಾಗಿಯೇ ಆ ಸೀಮೆಗೆ ಹೋಗಿಬರುವವರು ಸಾವಿರಾರು ಮಂದಿ. ನಾವು ಈ ಸಾರಿ ಫಾಲ್ಗುಣ ಮಾಸದಲ್ಲಿ ಅತ್ತ ಹೊರಟದ್ದು ಮನೆಯೊಳಗಿನ ಒಂದು ವ್ಯಾಜ್ಯವನ್ನು ಬಗೆಹರಿಸಿಕೊಳ್ಳುವುದಕ್ಕಾಗಿ. ವ್ಯಾಜ್ಯವೆಂದರೆ ಕೋರ್ಟು ಕಚೇರಿಗಳಿಗೆ ಹೋಗುವಂಥದಲ್ಲ. ಎರಡು ಎಕರೆ ಬೆದ್ದಲು ನೆಲದಲ್ಲಿ ಯಾವ ಮರವನ್ನು ನೆಡಬೇಕೆಂಬುದಷ್ಟೇ ಅದರ ವಿಷಯ. ಇಷ್ಟು ಚಿಕ್ಕ ಮಾತಿಗಾಗಿ ಮೂರು ದಿನ ತಿರುಗಿದ ಮೇಲೆ ನಮಗೆ ತಿಳಿದುಬಂದ ಸಂಗತಿಗಳು ಮಾತ್ರ ಚಿಕ್ಕವಲ್ಲವೆಂದು ತೋರಿದುದರಿಂದ ವಾಚಕರ ಮುಂದೆ ಇಡುತ್ತಿದ್ದೇವೆ.

ಗುಬ್ಬಿ ತಾಲ್ಲೂಕಿನಲ್ಲಿ ನಮ್ಮ ಹಿರಿಯರಿಂದ ಬಂದ ಹೊಲವೊಂದುಂಟು. ಕೆಂಪು ಜಲ್ಲಿಯ ನೆಲ. ಹಿಂದೆ ರಾಗಿಯನ್ನೂ ಹುರುಳಿಯನ್ನೂ ಬೆಳೆಯುತ್ತಿದ್ದರು. ಬದುವಿನ ಮೇಲೆ ಹೊಂಗೆ, ಬೇವು, ಎರಡು ದೊಡ್ಡ ಹಿಪ್ಪೆಯ ಮರಗಳು ಇದ್ದುವು. ೧೯೮೦ರ ದಶಕದಲ್ಲಿ ಮನೆಯ ಗಂಡಸರು ಒಬ್ಬೊಬ್ಬರಾಗಿ ಉದ್ಯೋಗಕ್ಕೆಂದು ಪಟ್ಟಣ ಸೇರಿದರು. ಉಳುವವರಿಲ್ಲದ ಹೊಲಕ್ಕೆ ನೀಲಗಿರಿಯೇ ತಕ್ಕದ್ದೆಂದು ಊರೆಲ್ಲ ಹೇಳುತ್ತಿದ್ದ ಕಾಲವದು; ನಮ್ಮ ತಂದೆಯವರೂ ಹಾಗೆಯೇ ಮಾಡಿದರು. ಕಾವಲು ಬೇಡ, ದನ ಮುಟ್ಟದು, ಕಡಿದರೆ ಬುಡದಿಂದ ಮತ್ತೆ ಚಿಗುರುವುದು, ಕೆಲವು ವರ್ಷಗಳಿಗೊಮ್ಮೆ ಕೈಗೆ ಹಣ ಬರುವುದು. ಆ ಹಣದಿಂದ ಮನೆಯಲ್ಲಿ ಒಂದು ಮದುವೆಯೂ ನಡೆಯಿತೆಂಬುದನ್ನು ನಾವು ಮರೆಯಲಾಗದು. ಆದರೆ ಸಾಲಿಗೆ ಅಡ್ಡವೆಂದು ಬದುವಿನ ಹಿಪ್ಪೆಗಳನ್ನು ಉರುಳಿಸಿದರು. ಕ್ರಮೇಣ ಹೊಲದ ಮಗ್ಗುಲಲ್ಲಿದ್ದ ಸೇದುವ ಬಾವಿಯೂ ಬತ್ತಿತು. ಬಾವಿ ಬತ್ತುವುದಕ್ಕೆ ಸುತ್ತಲಿನ ಕೊಳವೆ ಬಾವಿಗಳೂ ಮಳೆಯ ಕೊರತೆಯೂ ಕಾರಣವಾಗಿರಬಹುದು. ಮರವೊಂದರ ತಲೆಗೇ ಎಲ್ಲ ದೋಷವನ್ನೂ ಕಟ್ಟುವುದು ನ್ಯಾಯವಲ್ಲ. ಅಂತೂ ಕಳೆದ ವರ್ಷ ಬೊಡ್ಡೆಗಳನ್ನೆಲ್ಲ ಕೀಳಿಸಿ ನೆಲವನ್ನು ಬಯಲು ಮಾಡಿದೆವು.

ಈಗ ಅಲ್ಲಿ ಏನನ್ನು ನೆಡಬೇಕು? ಊರಿನಲ್ಲಿಯೇ ಇರುವ ನಮ್ಮ ಚಿಕ್ಕಪ್ಪನ ಮಗನು, “ಅಣ್ಣಯ್ಯ, ಸಿಲ್ವರ್ ಓಕ್ ಹಾಕಿಬಿಡೋಣ. ನೆಟ್ಟಗೆ ಬೆಳೆಯುತ್ತೆ, ಬೇಗ ಕಾಸಾಗುತ್ತೆ. ಮಗಳ ಓದಿಗೆ ದುಡ್ಡು ಬೇಕಲ್ಲ” ಎಂದನು. ಎಂಬತ್ತು ದಾಟಿದ ದೊಡ್ಡಮ್ಮನವರು ಜಗುಲಿಯ ಮೇಲೆ ಕುಳಿತಲ್ಲಿಂದಲೇ, “ಹಿಪ್ಪೆ ಕಡಿಸಿದೋರು ನೀವೇ ಕಣ್ರಪ್ಪ, ನೀವೇ ನೆಟ್ಟುಕೊಡಿ. ಒಂದು ಹಕ್ಕಿ ಬಂದು ಕೂರದ ಹೊಲ ಯಾತರ ಹೊಲ?” ಎಂದರು. ಇಬ್ಬರ ಮಾತಿನಲ್ಲಿಯೂ ಸತ್ಯವಿದ್ದಿತು. ಜೊತೆಗೆ ನಮಗೆ ಮಾತನಾಡುವ ಮುಖವೂ ಇರಲಿಲ್ಲ. ಅದೇತಕ್ಕೆಂದರೆ, ಎರಡು ವರ್ಷಗಳ ಹಿಂದೆ ವನಮಹೋತ್ಸವದ ಉತ್ಸಾಹದಲ್ಲಿ ನಾವು ಅದೇ ಹೊಲದ ಬದುವಿನ ಮೇಲೆ ಅರುವತ್ತು ಸಸಿಗಳನ್ನು ನೆಟ್ಟು, ಭಾವಚಿತ್ರ ತೆಗೆಸಿಕೊಂಡು, ಪಟ್ಟಣಕ್ಕೆ ಹಿಂದಿರುಗಿದ್ದೆವು. ಮರುವರ್ಷ ಎಣಿಸಿದಾಗ ಒಂಬತ್ತು ಉಳಿದಿದ್ದುವು.

ಹೀಗೆ ಸೋತವರಾಗಿ, ಕಲಿಯಬೇಕೆಂಬ ಮನಸ್ಸಿನಿಂದ ಮೊದಲು ದೇವರಾಯನದುರ್ಗದ ದಾರಿ ಹಿಡಿದೆವು.

ತುಮಕೂರು ನಗರದಿಂದ ಪೂರ್ವಕ್ಕೆ ಸುಮಾರು ೧೫ ಕಿಲೋಮೀಟರ್ ದೂರದಲ್ಲಿರುವ ಈ ಬೆಟ್ಟಕ್ಕೆ ಕರಿಗಿರಿಯೆಂಬ ಹೆಸರೂ ಉಂಟು. ಮೈಸೂರಿನ ಚಿಕ್ಕದೇವರಾಜ ಒಡೆಯರು ವಶಪಡಿಸಿಕೊಂಡ ಮೇಲೆ ದೇವರಾಯನದುರ್ಗವೆಂದಾಯಿತು. ಕೆಳಗೆ ಭೋಗನರಸಿಂಹ, ಮೇಲೆ ಯೋಗನರಸಿಂಹ. ತಪ್ಪಲಿನ ದಾರಿಯಲ್ಲಿ ನಾಮದ ಚಿಲುಮೆ. ಶ್ರೀರಾಮನು ಹಣೆಗೆ ನಾಮವಿಡುವುದಕ್ಕೆ ನೀರು ಬೇಕಾಗಿ ಬಂಡೆಗೆ ಬಾಣವನ್ನು ಹೊಡೆದನೆಂದೂ, ಅಲ್ಲಿ ಚಿಮ್ಮಿದ ನೀರೇ ಇದೆಂದೂ ಹೇಳುವರು. ಬಂಡೆಯ ಗುಳಿಯಲ್ಲಿ ತಿಳಿನೀರು ನಿಂತಿದೆ, ಬೊಗಸೆಯೊಡ್ಡಿದರೆ ತುಂಬುವುದು. ಈ ಬೆಟ್ಟದ ಸಾಲಿನ ಒಂದು ವಿಶೇಷವನ್ನು ಯಾತ್ರಿಕರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಇಲ್ಲಿ ಬಿದ್ದ ಮಳೆಯ ನೀರು ಎರಡು ದಾರಿ ಹಿಡಿಯುವುದು. ಒಂದು ಪಾಲು ಜಯಮಂಗಲಿಯಾಗಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರುವುದು. ಮತ್ತೊಂದು ಪಾಲು ಶಿಂಷೆಯಾಗಿ ಗುಬ್ಬಿ, ಕುಣಿಗಲು ಸೀಮೆಗಳಲ್ಲಿ ಹಾದು ಕಾವೇರಿಯನ್ನು ಸೇರುವುದು. ಆದಕಾರಣ ಈ ಕಾಡಿಗೆ ಬರುವ ಕೇಡು ಇಲ್ಲಿಗೇ ನಿಲ್ಲತಕ್ಕದ್ದಲ್ಲ. ಅದು ನದಿಯೊಡನೆ ಊರೂರಿಗೂ ಇಳಿಯುವುದು.

ನಾವು ಹೋದಾಗ ಕಾಡು ಎಲೆಯುದುರಿಸಿ ನಿಂತಿದ್ದಿತು. ಮಲೆನಾಡಿನ ಹಸುರನ್ನು ನಿರೀಕ್ಷಿಸಿ ಬಂದವರು “ಇದೂ ಒಂದು ಕಾಡೇ?” ಎಂದು ಮೂಗು ಮುರಿಯಬಹುದು. ಆದರೆ ಬಯಲುಸೀಮೆಯ ಕಾಡಿನ ಬಾಳುವೆಯ ಕ್ರಮವೇ ಅದು. ಮಳೆ ಇಲ್ಲದ ತಿಂಗಳುಗಳಲ್ಲಿ ಎಲೆಯನ್ನು ಚೆಲ್ಲಿ ನೀರಿನ ಖರ್ಚನ್ನು ಕಡಮೆ ಮಾಡಿಕೊಳ್ಳುವುದು. ಆ ಎಲೆಯನ್ನೇ ನೆಲಕ್ಕೆ ಹೊದಿಸಿ ಮುಂಗಾರಿನ ಹೊತ್ತಿಗೆ ಗೊಬ್ಬರ ಮಾಡಿಕೊಳ್ಳುವುದು. ಬಡವರ ಮನೆಯ ಜಾಣ ಗೃಹಿಣಿಯ ಸಂಸಾರದಂತೆ, ಇಲ್ಲಿ ಯಾವುದೂ ವ್ಯರ್ಥವಾಗದು. ದಿಂಡಿಗ, ಕಗ್ಗಲಿ, ನೆಲ್ಲಿ, ಅಳಲೆ, ತಬಸಿ, ಬಿಲ್ವ, ಬೂರುಗ, ಹೀಗೆ ಒಂದರ ಪಕ್ಕದಲ್ಲಿ ಇನ್ನೊಂದು. ಎಲೆಯಿಲ್ಲದ ಮುತ್ತುಗದ ಕೊಂಬೆಗಳಲ್ಲಿ ಹೂವು ಕೆಂಡದಂತೆ ಕೆರಳಿತ್ತು. ಗೊರವಂಕಗಳೂ ಸೂರಕ್ಕಿಗಳೂ ಅದರ ಮೇಲೆ ಜಾತ್ರೆ ನಡೆಸಿದ್ದುವು. ಇಳಿಜಾರಿನಲ್ಲಿ ಜಾಲಾರಿ ಮರಗಳು ಹೂವೇರಿ ಪರಿಮಳ ಬೀರುತ್ತಿದ್ದುವು. ಹಿಂದೆ ಮೈಸೂರು ಸೀಮೆಯಲ್ಲಿ ಈ ಜಾಲಾರಿಯ ಮೇಲೆಯೇ ಹುಳುವನ್ನು ಸಾಕಿ ಅರಗನ್ನು ತೆಗೆಯುತ್ತಿದ್ದರು.

ಕಾಡಿನಲ್ಲಿ ಯಾವ ಮರವೂ ಒಂಟಿಯಾಗಿ ಬಾಳುವುದಿಲ್ಲವೆಂಬುದಕ್ಕೆ ಶ್ರೀಗಂಧವೇ ಸಾಕ್ಷಿ. ನಮ್ಮ ನಾಡಿನ ಕೀರ್ತಿಯನ್ನು ಲೋಕಕ್ಕೆ ಸಾರಿದ ಆ ಮರವು ತನ್ನ ಬೇರನ್ನು ನೆರೆಯ ಗಿಡಗಳ ಬೇರಿಗೆ ಅಂಟಿಸಿ ಅವುಗಳಿಂದ ಸಾರವನ್ನು ಪಡೆದು ಬೆಳೆಯುವುದು. ಅದರ ಬೀಜವನ್ನು ಹರಡುವವು ಹಣ್ಣು ತಿನ್ನುವ ಹಕ್ಕಿಗಳು. ನೆರೆಯ ಗಿಡವೂ ಹಕ್ಕಿಯೂ ಇಲ್ಲದೆಡೆಯಲ್ಲಿ ಗಂಧದ ಸಸಿಯನ್ನು ಒಂಟಿಯಾಗಿ ಊರಿದರೆ ಅದು ಏಳಿಗೆಯಾಗದು.

ಬೆಟ್ಟವಿಳಿದು ಬರುತ್ತ ದಾರಿಯ ಮಗ್ಗುಲಿನ ಒಂದು ಜಮೀನಿನಲ್ಲಿ ನೀಲಗಿರಿಯ ತೋಪನ್ನು ಹೊಕ್ಕೆವು. ಮರಗಳೇನೋ ಹಸುರಾಗಿದ್ದುವು, ಸಾಲುಗಳು ಅಚ್ಚುಕಟ್ಟಾಗಿದ್ದುವು. ಆದರೆ ಕೆಳಗೆ ಹುಲ್ಲಿಲ್ಲ, ಪೊದೆಯಿಲ್ಲ; ಒಣಗಿದ ಎಲೆ ಕಾಲಡಿಯಲ್ಲಿ ಸದ್ದು ಮಾಡುತ್ತಿದ್ದಿತು. ಅರ್ಧ ಗಂಟೆ ಕುಳಿತೆವು. ದೂರದ ಹೊಲದಿಂದ ಕಾಗೆಯ ಕೂಗು ಕೇಳಿಸಿತೇ ಹೊರತು ತೋಪಿನೊಳಗಿನಿಂದ ಯಾವ ದನಿಯೂ ಬರಲಿಲ್ಲ. ದೊಡ್ಡಮ್ಮನವರ ಮಾತು ನೆನಪಾಯಿತು.

ಇದಕ್ಕೆ ಕಾರಣವೇನು? ನೀಲಗಿರಿ ಕೆಟ್ಟ ಮರವೆಂದಲ್ಲ. ಅದರ ತವರಾದ ಆಸ್ಟ್ರೇಲಿಯ ದೇಶದಲ್ಲಿ ಅದರ ಎಲೆಯನ್ನೇ ತಿಂದು ಬಾಳುವ ಕೋಆಲ ಎಂಬ ಪ್ರಾಣಿಯುಂಟು. ಅದರ ಹೂವಿಗೆ ಬರುವ ಹಕ್ಕಿಗಳುಂಟು. ಅದರ ತೊಗಟೆಯಲ್ಲಿ ಮನೆ ಮಾಡುವ ಹುಳುಗಳುಂಟು. ಒಂದು ಮರವೂ ಅದರ ನಾಡಿನ ಜೀವಿಗಳೂ ಲಕ್ಷಾಂತರ ವರ್ಷ ಕೂಡಿ ಬಾಳಿ ಪರಸ್ಪರ ಒಗ್ಗಿಕೊಂಡಿರುತ್ತವೆ. ಎಲೆಯ ವಿಷವನ್ನು ಅರಗಿಸಿಕೊಳ್ಳಬಲ್ಲ ಹುಳು, ಆ ಹುಳುವನ್ನು ಮರಿಗಳಿಗೆ ತಿನ್ನಿಸುವ ಹಕ್ಕಿ, ಹೂವಿನ ಕಾಲಕ್ಕೆ ಸರಿಯಾಗಿ ಬರುವ ಜೇನು, ಹಣ್ಣನ್ನು ನುಂಗಿ ಬೀಜವನ್ನು ದೂರ ಬಿಸುಡುವ ಬಾವಲಿ, ಉದುರಿದೆಲೆಯನ್ನು ಮಣ್ಣಾಗಿಸುವ ಗೆದ್ದಲು ಮತ್ತು ಅಣಬೆ, ಇವೆಲ್ಲವೂ ಸೇರಿದರೆ ಒಂದು ಮರದ ಸಂಸಾರ. ನಾವು ಹಡಗಿನಲ್ಲಿ ತಂದದ್ದು ಬೀಜವನ್ನು ಮಾತ್ರ. ಸಂಸಾರವು ಸಮುದ್ರದಾಚೆಯೇ ಉಳಿಯಿತು. ನಮ್ಮ ಹುಳುಗಳಿಗೆ ಆ ಎಲೆ ಒಗ್ಗದು. ಹುಳುವಿಲ್ಲದೆಡೆ ಹಕ್ಕಿಗೆ ಕೆಲಸವಿಲ್ಲ. ಆದುದರಿಂದಲೇ ಅಲ್ಲಿ ಮರಗಳಿದ್ದರೂ ಕಾಡಿಲ್ಲ. ಜೀವವೈವಿಧ್ಯವೆಂದು ವಿಜ್ಞಾನಿಗಳು ಹೇಳುವುದು ಈ ಸಂಸಾರಗಳ ಒಟ್ಟು ಮೊತ್ತವನ್ನೇ.

ನೀಲಗಿರಿಯು ಟಿಪ್ಪುವಿನ ಕಾಲದಲ್ಲಿಯೇ ನಂದಿಬೆಟ್ಟದ ತೋಟಕ್ಕೆ ಬಂದಿತೆಂದು ಹೇಳುವರು. ಆದರೆ ಅದು ರೈತನ ಹೊಲಕ್ಕೆ ಬೃಹತ್ತಾಗಿ ಇಳಿದದ್ದು ಇತ್ತೀಚೆಗೆ. ೧೯೮೩ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಸಾಮಾಜಿಕ ಅರಣ್ಯ ಯೋಜನೆ ಕರ್ನಾಟಕದಲ್ಲಿ ಆರಂಭವಾದಾಗ ಅದರ ಪ್ರಚಾರ ಮತ್ತಷ್ಟು ಬಲವಾಯಿತು. ಅದೇ ೧೯೮೩ರ ಆಗಸ್ಟ್ ತಿಂಗಳಲ್ಲಿ ಇದೇ ತುಮಕೂರು ಜಿಲ್ಲೆಯ ಹಳ್ಳಿಗರು ಗುಂಪಾಗಿ ಅರಣ್ಯದ ಸಸ್ಯಕ್ಷೇತ್ರಕ್ಕೆ ನಡೆದು, ನೀಲಗಿರಿಯ ಸಸಿಗಳನ್ನು ಕಿತ್ತು, ಅವುಗಳ ಜಾಗದಲ್ಲಿ ಹುಣಸೆಯ ಮತ್ತು ಮಾವಿನ ಬೀಜಗಳನ್ನು ಊರಿದರು. ಅದಕ್ಕಾಗಿ ಬಂಧನಕ್ಕೂ ಒಳಗಾದರು. ನಮ್ಮ ಮನೆಯವರು ನೀಲಗಿರಿ ನೆಟ್ಟ ದಶಕದಲ್ಲಿಯೇ, ನಮ್ಮ ಜಿಲ್ಲೆಯಲ್ಲಿಯೇ, ಓದು ಬರಹ ಹೆಚ್ಚಾಗಿ ಕಲಿಯದ ಜನರು ಈ ಮಾತನ್ನು ಕೈಯಿಂದ ಮಾಡಿ ತೋರಿಸಿದ್ದರೆಂಬುದು ನಮಗೆ ನಾಚಿಕೆಯನ್ನು ತಂದಿತು.

ಅವರ ಶಂಕೆ ಆಧಾರವಿಲ್ಲದ್ದಾಗಿರಲಿಲ್ಲ. ಬೆಂಗಳೂರಿನ ಸಮೀಪದ ಹೊಸಕೋಟೆಯಲ್ಲಿ ವಿಜ್ಞಾನಿಗಳು ನೀಲಗಿರಿ ತೋಪುಗಳಲ್ಲಿ ನೀರಿನ ಲೆಕ್ಕವನ್ನಿಟ್ಟು ನೋಡಿದರು. ಆಳವಾದ ಮಣ್ಣಿನಲ್ಲಿ ಎಳೆಯ ಮರಗಳು ವರ್ಷದಲ್ಲಿ ಬಿದ್ದ ಮಳೆಗಿಂತಲೂ ಹೆಚ್ಚು ನೀರನ್ನು ಬಳಸುವುದು ಕಂಡುಬಂದಿತು. ೧೯೯೭ರಲ್ಲಿ ಅದನ್ನು ಪ್ರಕಟಿಸಿದರು. ಬೇರು ವರ್ಷವರ್ಷಕ್ಕೂ ಕೆಳಗಿಳಿದು, ಹಿಂದಿನ ಕಾಲದಿಂದ ಮಣ್ಣಿನಲ್ಲಿ ಕೂಡಿಟ್ಟ ತೇವವನ್ನು ಹೀರುತ್ತಿದ್ದಿತು. ಬಡ್ಡಿಯಲ್ಲಿ ಜೀವಿಸದೆ ಅಸಲನ್ನೇ ತಿನ್ನುವ ಸಂಸಾರಕ್ಕೆ ಇದನ್ನು ಹೋಲಿಸಬಹುದು. ಕೊನೆಗೆ ೨೦೧೭ರಲ್ಲಿ ಕರ್ನಾಟಕ ಸರ್ಕಾರವು ರಾಜ್ಯದಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಎರಡನೆಯ ದಿನ ಗುಬ್ಬಿಗೆ ಹೋದೆವು. ತುಮಕೂರಿನಿಂದ ೨೦ ಕಿಲೋಮೀಟರ್. ಚನ್ನಬಸವೇಶ್ವರನ ಊರು, ಕನ್ನಡ ರಂಗಭೂಮಿಗೆ ವೀರಣ್ಣನವರನ್ನು ಕೊಟ್ಟ ಊರು. ಸುತ್ತಲೂ ತೆಂಗು, ಅಡಿಕೆ. ಕಡಬದ ಕೆರೆಯ ಏರಿಯ ಮೇಲೆ ನಿಂತಾಗ, ನಿನ್ನೆ ಬೆಟ್ಟದಲ್ಲಿ ಹುಟ್ಟಿದ್ದನ್ನು ಕಂಡ ಶಿಂಷೆಯೇ ಇಲ್ಲಿ ನೀರಾಗಿ ನಿಂತಿರುವಳೆಂದು ತಿಳಿದು ಸಂತೋಷವಾಯಿತು.

ಮೈಸೂರು ಸೀಮೆಯ ಹಳ್ಳಿಗಳಲ್ಲಿ ಗುಂಡುತೋಪು ಎಂಬುದೊಂದು ಇರುತ್ತಿದ್ದಿತು. ಮಾವು, ನೇರಳೆ, ಹಿಪ್ಪೆ, ಹೊಂಗೆ, ಹಲಸು, ಬೇವು, ಹುಣಸೆ ಮೊದಲಾದುವನ್ನು ಊರವರು ಸೇರಿ ಬೆಳೆಸಿದ ಸಾರ್ವಜನಿಕ ತೋಪು. ದಾರಿಹೋಕರಿಗೆ ನೆರಳು, ದನಗಳಿಗೆ ತಂಗುದಾಣ, ಗದ್ದೆಗೆ ಹೊಂಗೆಯ ಸೊಪ್ಪು, ದೇವರ ದೀಪಕ್ಕೆ ಹಿಪ್ಪೆಯ ಮತ್ತು ಹೊಂಗೆಯ ಎಣ್ಣೆ, ಊಟಕ್ಕೆ ಮುತ್ತುಗದೆಲೆ. ಹಿಪ್ಪೆ ಹೂವರಳಿದ ರಾತ್ರಿಗಳಲ್ಲಿ ಬಾವಲಿಗಳು ಬಂದು ಮುತ್ತುತ್ತಿದ್ದುವು. ನಮ್ಮ ಹಿರಿಯರು ಜೀವವೈವಿಧ್ಯವೆಂಬ ಮಾತನ್ನು ಕೇಳಿದವರಲ್ಲ. ಆದರೆ ಒಂದೇ ಜಾತಿಯ ಮರವನ್ನು ತೋಪು ತುಂಬ ನೆಟ್ಟವರೂ ಅಲ್ಲ. ಒಂದು ವರ್ಷ ಮಾವು ಹೂವು ಬಿಡದಿದ್ದರೆ ನೇರಳೆ ಇದ್ದಿತು. ಒಂದಕ್ಕೆ ರೋಗ ತಗುಲಿದರೆ ಮತ್ತೊಂದು ನಿಲ್ಲುತ್ತಿದ್ದಿತು. ಇಂತಹ ಎಷ್ಟೋ ತೋಪುಗಳು ಇಂದು ಮನೆಗಳಿಗೂ ರಸ್ತೆಗಳಿಗೂ ಎಡೆಯಾಗಿ ಹೋಗಿವೆ.

ಇಲ್ಲಿ ಒಂದು ಸಂದೇಹವನ್ನು ಪರಿಹರಿಸಬೇಕು. ಹುಣಸೆಯು ಮೂಲತಃ ಆಫ್ರಿಕದ ಮರ. ಹಾಗಾದರೆ ಅದನ್ನು ಕಡಿಯಬೇಕೇ? ಖಂಡಿತವಾಗಿಯೂ ಇಲ್ಲ. ಬಹು ಪುರಾತನ ಕಾಲದಲ್ಲಿ ಬಂದು, ಊರಿನ ಹಕ್ಕಿಗೂ ಅಡಿಗೆ ಮನೆಗೂ ಒಗ್ಗಿಹೋದ ಸೊಸೆಯನ್ನು ಯಾರೂ ಹೊರಗೆ ಹಾಕರು. ಕತ್ತಿಕಾಯಿ ಮರವೆಂದು ಮಕ್ಕಳು ಕರೆಯುವ ಗುಲ್‌ಮೊಹರ್ ಮಡಗಾಸ್ಕರಿನಿಂದ ಬಂದದ್ದು. ಬೇಸಗೆಯಲ್ಲಿ ರಸ್ತೆಗೆ ಅದೊಂದು ಶೋಭೆ. ಇವುಗಳ ಮೇಲೆ ನಮಗೆ ದ್ವೇಷವಿಲ್ಲ. ಆದರೆ ಕೆಟ್ಟ ಕಾಡನ್ನು ಮತ್ತೆ ಕಟ್ಟಬೇಕೆಂದಾಗ ಶೋಭೆಯನ್ನಲ್ಲ, ಸಂಬಂಧವನ್ನು ನೋಡಬೇಕು. ಲಂಟಾನವೂ ಹಿಂದೆ ಹೂದೋಟದ ಅಲಂಕಾರಕ್ಕೆಂದು ತಂದ ಗಿಡವೇ. ಇಂದು ಅದು ನಮ್ಮ ಕಾಡುಗಳಲ್ಲಿ ಹಬ್ಬಿ ಎಳೆಯ ಸಸಿಗಳನ್ನು ಮೇಲೇಳಗೊಡದಂತೆ ಮುಸುಕಿಕೊಂಡಿದೆ.

ದೇಸಿ ಮರವೆಂದರೆ ಆದಾಯವಿಲ್ಲವೆಂಬ ನಮ್ಮ ತಮ್ಮನ ಮಾತಿಗೆ ಉತ್ತರವು ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿಯೇ ದೊರೆಯಿತು. ಅಲ್ಲಿನ ರೈತರೊಬ್ಬರ ಜಮೀನಿನ ಹಲಸಿನ ಮರವೊಂದರ ತೊಳೆ ತಾಮ್ರದಂತೆ ಕೆಂಪು. ಹಣ್ಣು ಚಿಕ್ಕದು, ರುಚಿ ಬಹಳ. ತುಮಕೂರಿನ ಬಳಿಯ ಹಿರೇಹಳ್ಳಿಯಲ್ಲಿರುವ ತೋಟಗಾರಿಕೆ ಪ್ರಯೋಗ ಕೇಂದ್ರದವರು ಇದನ್ನು ಗುರುತಿಸಿ, ಕಸಿಗಿಡಗಳನ್ನು ಬೆಳೆಸಿ ಹರಡಲು ಏರ್ಪಾಡು ಮಾಡಿದರು. ಮರವನ್ನು ನೆಟ್ಟ ಹಿರಿಯರ ಹೆಸರಿನಿಂದ ಆ ತಳಿಗೆ ‘ಸಿದ್ದು’ ಎಂದು ಹೆಸರಾಯಿತು. ಕಸಿಗಿಡಗಳ ಮಾರಾಟದಿಂದ ಆ ಕುಟುಂಬಕ್ಕೂ ಪಾಲು ಸಂದಿತು. ಹಲಸು ಪಶ್ಚಿಮಘಟ್ಟದ ಸೀಮೆಯ ಮರ. ತಂದೆ ನೆಟ್ಟದ್ದು, ಮಗನ ಕಾಲದಲ್ಲಿ ಫಲ ಕೊಟ್ಟಿತು. ನಾವು ಕಡಿದ ಹಿಪ್ಪೆಗಳ ಬುಡದಲ್ಲಿ ಯಾವ ಗುಣವಡಗಿತ್ತೋ, ಅದನ್ನು ಕೇಳುವ ಅವಕಾಶವನ್ನೇ ನಾವು ಉಳಿಸಿಕೊಳ್ಳಲಿಲ್ಲ.

ಮೂರನೆಯ ದಿನ ಕುಣಿಗಲಿನ ದೊಡ್ಡಕೆರೆಯನ್ನು ನೋಡಿದೆವು. ಈ ಕೆರೆಯ ಸೊಬಗನ್ನು ಹಾಡುವ ಜನಪದ ಗೀತವನ್ನು ಕೇಳದ ಕನ್ನಡಿಗರು ವಿರಳ. ತಾಲ್ಲೂಕಿನ ಇನ್ನೊಂದು ಕಡೆ ಮಾರ್ಕೋನಹಳ್ಳಿಯಲ್ಲಿ ಶಿಂಷೆಗೆ ಅಣೆಕಟ್ಟಿದೆ. ಬೆಟ್ಟದ ಕಾಡು ಮಣ್ಣನ್ನು ಹಿಡಿದಿಟ್ಟರೆ ಈ ಜಲಾಶಯಕ್ಕೆ ಬರುವುದು ತಿಳಿನೀರು. ಬೆಟ್ಟ ಬೋಳಾದರೆ ಬರುವುದು ಹೂಳು. ಕೆರೆಯ ಕಥೆಯೂ ಕಾಡಿನ ಕಥೆಯೂ ಒಂದೇ ಎಂಬುದು ಏರಿಯ ಮೇಲೆ ನಿಂತವರಿಗೆ ತಾನಾಗಿ ತಿಳಿಯುವುದು.

ಕುಣಿಗಲು ತಾಲ್ಲೂಕಿನ ಗಡಿಯನ್ನು ದಾಟಿದರೆ ಮಾಗಡಿ ತಾಲ್ಲೂಕು; ಅಲ್ಲಿ ಹುಲಿಕಲ್ಲು. ನಮ್ಮ ಪ್ರಯಾಣದ ಮುಖ್ಯ ಗುರಿ ಇದೇ. ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಹೋಗುವ ಹಾದಿಯ ಎರಡು ಕಡೆಗಳಲ್ಲಿ ಸುಮಾರು ನಾಲ್ಕು ಕಿಲೋಮೀಟರಿನುದ್ದಕ್ಕೆ ಆಲದ ಮರಗಳು ಚಪ್ಪರ ಹಾಕಿವೆ. ಎಣಿಕೆಯಲ್ಲಿ ೩೮೫ ಎಂದು ಪ್ರಸಿದ್ಧಿ. ಇವನ್ನು ಬೆಳೆಸಿದವರು ಸಾಲುಮರದ ತಿಮ್ಮಕ್ಕನವರೂ ಅವರ ಪತಿ ಬಿಕ್ಕಲ ಚಿಕ್ಕಯ್ಯನವರೂ. ತಿಮ್ಮಕ್ಕನವರು ನಮ್ಮ ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿ, ಹುಲಿಕಲ್ಲಿಗೆ ಸೊಸೆಯಾಗಿ ಬಂದವರು. ಶಾಲೆಯ ಓದಿಲ್ಲ, ಕೂಲಿಯ ಜೀವನ, ಮಕ್ಕಳಾಗಲಿಲ್ಲ. ಊರಿನ ಬಳಿ ಹೇರಳವಾಗಿದ್ದ ಆಲದ ಮರಗಳಿಂದಲೇ ಸಸಿಗಳನ್ನು ಮಾಡಿಕೊಂಡು, ಮೊದಲ ವರ್ಷ ೧೦, ಎರಡನೆಯ ವರ್ಷ ೧೫, ಮೂರನೆಯ ವರ್ಷ ೨೦ ಎಂಬಂತೆ ನೆಡುತ್ತ ಹೋದರು. ಮಳೆಗಾಲದ ಮೊದಲಲ್ಲಿ ನೆಡುವುದು. ದನಕರು ಬಾಯಿಹಾಕದಂತೆ ಮುಳ್ಳುಬೇಲಿ ಕಟ್ಟುವುದು. ಮಳೆ ಹಿಂದೆಗೆದರೆ ದೂರದಿಂದ ಬಿಂದಿಗೆಗಳಲ್ಲಿ ನೀರು ಹೊತ್ತು ತಂದು ಎರೆಯುವುದು. ಹಗಲು ಕೂಲಿ ಮಾಡಿ ದಣಿದ ದಂಪತಿಗಳು ಇದನ್ನು ಒಂದು ದಿನವಲ್ಲ, ವರ್ಷಗಟ್ಟಲೆ ಮಾಡಿದರು. ಚಿಕ್ಕಯ್ಯನವರು ೧೯೯೧ರಲ್ಲಿ ತೀರಿಕೊಂಡರು. ತಿಮ್ಮಕ್ಕನವರಿಗೆ ೨೦೧೯ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಅದೇ ವರ್ಷ ರಸ್ತೆಯ ಅಗಲೀಕರಣದಿಂದ ಮರಗಳಿಗೆ ಅಪಾಯವೊದಗಿದಾಗ ಅವರು ಮುಖ್ಯಮಂತ್ರಿಗಳನ್ನು ಕಂಡು ತಮ್ಮ ಮರಗಳನ್ನು ಉಳಿಸಬೇಕೆಂದು ಬೇಡಿಕೊಂಡರು. ೨೦೨೫ರ ನವೆಂಬರ್ ೧೪ರಂದು, ೧೧೪ ವರ್ಷಗಳ ತುಂಬುಜೀವನವನ್ನು ಮುಗಿಸಿ ಅವರು ಕಾಲವಾದರು.

ಆ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿದೆವು. ತಲೆಯ ಮೇಲೆ ಕುಟ್ರುಹಕ್ಕಿಯ ಎಡೆಬ್ಬಿಡದ ಕೂಗು, ಗಿಳಿಗಳ ಕಚಪಚ, ಅಳಿಲುಗಳ ಓಡಾಟ. ಕೆಂಪು ಹಣ್ಣುಗಳು ಟಪಟಪನೆ ಬೀಳುತ್ತಿದ್ದುವು. ಆಲದ ಹಣ್ಣೆಂಬುದು ನಿಜವಾಗಿ ಒಳಮುಖವಾಗಿ ಅರಳಿದ ನೂರಾರು ಹೂವುಗಳ ಮುಚ್ಚಿದ ಮನೆ. ಅದರ ತುದಿಯ ಸೂಜಿಮೊನೆಯಷ್ಟು ರಂಧ್ರದಿಂದ ಒಂದು ಚಿಕ್ಕ ಕಣಜವು ಒಳಹೊಕ್ಕು, ಮೊಟ್ಟೆಯಿಟ್ಟು, ಪರಾಗವನ್ನು ಮುಟ್ಟಿಸುವುದು. ಆಲಕ್ಕೆ ಆಲದ ಕಣಜ, ಅತ್ತಿಗೆ ಅತ್ತಿಯ ಕಣಜ. ಆ ಕಣಜವಿಲ್ಲದೆ ಮರಕ್ಕೆ ಸಂತಾನವಿಲ್ಲ, ಆ ಮರವಿಲ್ಲದೆ ಕಣಜಕ್ಕೆ ಬಾಳಿಲ್ಲ. ಕಣಜದ ಆಯುಸ್ಸು ಅಲ್ಪವಾದುದರಿಂದ, ಸೀಮೆಯಲ್ಲಿ ಒಂದಲ್ಲದಿದ್ದರೆ ಮತ್ತೊಂದು ಮರವು ವರ್ಷದ ಎಲ್ಲ ಕಾಲದಲ್ಲಿಯೂ ಕಾಯಿ ಬಿಡುತ್ತಿರಬೇಕು. ಆದುದರಿಂದಲೇ ಬೇರಾವ ಹಣ್ಣೂ ಇಲ್ಲದ ಕಾಲದಲ್ಲಿ ಹಕ್ಕಿಗಳಿಗೂ ಬಾವಲಿಗಳಿಗೂ ಆಲ, ಅತ್ತಿ, ಅರಳಿ, ಬಸರಿ, ಗೋಣಿಗಳೇ ಅನ್ನಛತ್ರ.

ಸಾಲುಮರವು ಕಾಡಲ್ಲ. ಒಂದೇ ಜಾತಿಯ ಮರಗಳ ಹಾದಿ ಅದು. ಆದರೆ ಬುಡದತ್ತ ನೋಡಿದಾಗ ಬೇವು, ನೇರಳೆ ಮೊದಲಾದ ಎಳೆಯ ಸಸಿಗಳು ತಾವಾಗಿ ಎದ್ದಿದ್ದುವು. ಯಾರು ನೆಟ್ಟರು? ಮೇಲೆ ಕುಳಿತು ಉಂಡವರೇ ನೆಟ್ಟರು. ನಾಡಿನ ಮರವೊಂದನ್ನು ಬೆಳೆಸಿದರೆ ಉಳಿದವನ್ನು ನೆಡುವ ಕೂಲಿಯಾಳುಗಳನ್ನು ಅದೇ ಕರೆದುಕೊಳ್ಳುವುದೆಂಬುದು ಅಲ್ಲಿ ನಮಗೆ ಮನವರಿಕೆಯಾಯಿತು. ನಮ್ಮ ಅರುವತ್ತರಲ್ಲಿ ಐವತ್ತೊಂದು ಏಕೆ ಸತ್ತುವೆಂಬುದೂ ಅಲ್ಲಿಯೇ ತಿಳಿಯಿತು. ತಿಮ್ಮಕ್ಕನವರು ಮೊದಲ ವರ್ಷ ನೆಟ್ಟದ್ದು ಹತ್ತೇ ಸಸಿ. ನಾವು ಸಾಕಬಲ್ಲಷ್ಟನ್ನು ನೆಡಲಿಲ್ಲ, ನೆಡಬಲ್ಲಷ್ಟನ್ನು ನೆಟ್ಟೆವು.

ಕೀನ್ಯ ದೇಶದಲ್ಲಿ ೧೯೭೭ರಲ್ಲಿ ಹಳ್ಳಿಯ ಹೆಂಗಸರನ್ನು ಕೂಡಿಸಿ ಮರ ನೆಡುವ ಚಳವಳಿಯನ್ನು ಆರಂಭಿಸಿದ ವಂಗಾರಿ ಮಾತಾಯ್ ಅವರಿಗೆ ೨೦೦೪ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ದೊರೆಯಿತು. ವಿಶ್ವಸಂಸ್ಥೆಯು ೨೦೨೧ರಿಂದ ೨೦೩೦ರವರೆಗಿನ ಹತ್ತು ವರ್ಷಗಳನ್ನು ಕೆಟ್ಟ ಪರಿಸರಗಳ ಪುನರುದ್ಧಾರಕ್ಕೆಂದೇ ಮುಡಿಪಾಗಿಟ್ಟಿದೆ. ನಮ್ಮ ದೇಶದಲ್ಲಿಯೂ ೧೯೫೦ರಲ್ಲಿ ಕೆ. ಎಂ. ಮುನ್ಷಿಯವರು ವನಮಹೋತ್ಸವವನ್ನು ಆರಂಭಿಸಿದರು. ಇಷ್ಟೆಲ್ಲ ಪ್ರಯತ್ನಗಳಿದ್ದರೂ, ನೆಟ್ಟ ಸಂಖ್ಯೆಯನ್ನು ಹೇಳಿಕೊಳ್ಳುವ ಚಪಲ ನಮ್ಮನ್ನು ಬಿಟ್ಟಿಲ್ಲ. ಈ ದೃಷ್ಟಿಯಿಂದ ಕರ್ನಾಟಕದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯ ನಿಯಮವು ಮೆಚ್ಚತಕ್ಕದ್ದು. ಅದರಲ್ಲಿ ಹಣ ಕೊಡುವುದು ನೆಟ್ಟ ಸಸಿಗಲ್ಲ, ವರ್ಷದ ಕೊನೆಯಲ್ಲಿ ಬದುಕಿರುವ ಸಸಿಗೆ.

ಇನ್ನೊಂದು ಎಚ್ಚರಿಕೆ. ಬಯಲೆಲ್ಲ ಬಂಜರಲ್ಲ. ದೇವರಾಯನದುರ್ಗದಲ್ಲಿ ಹುಟ್ಟಿದ ಜಯಮಂಗಲಿಯ ಹೆಸರಿನಲ್ಲಿಯೇ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲನ್ನು ೨೦೦೭ರಲ್ಲಿ ಕೃಷ್ಣಮೃಗಗಳಿಗಾಗಿ ರಕ್ಷಿತ ಪ್ರದೇಶವೆಂದು ಸಾರಿದರು. ಅಲ್ಲಿ ಆಲವನ್ನೇ ನೆಟ್ಟರೂ ಅದು ಅಪಕಾರವೇ. ಬಯಲಿನಲ್ಲಿ ಓಡಿ ಬದುಕುವ ಪ್ರಾಣಿಗೆ ಹುಲ್ಲೇ ಕಾಡು. ಹಾಗೆಯೇ ಬೆಟ್ಟಗಳಲ್ಲಿ ಹಳೆಯ ಬೊಡ್ಡೆಗಳು ಜೀವಂತವಾಗಿದ್ದರೆ ಹೊಸ ಸಸಿಯನ್ನು ಊರುವುದಕ್ಕಿಂತ, ಬೇಸಗೆಯ ಬೆಂಕಿಯನ್ನೂ ಮೇಯುವ ದನಗಳನ್ನೂ ಕೆಲವು ವರ್ಷ ತಡೆದರೆ ಕಾಡು ತಾನೇ ಮೇಲೇಳುವುದು. ಏನೂ ಉಳಿಯದೆಡೆಯಲ್ಲಿ ಮಾತ್ರ ನಮ್ಮ ಕೈ ಬೇಕಾಗುವುದು.

ಊರಿಗೆ ಮರಳಿ, ರಾತ್ರಿ ಊಟವಾದ ಮೇಲೆ ಎಲ್ಲರೂ ಜಗುಲಿಯಲ್ಲಿ ಕುಳಿತು ತೀರ್ಮಾನಕ್ಕೆ ಬಂದೆವು. ಒಂದು ಎಕರೆಯಲ್ಲಿ ಹಲಸಿನ ಕಸಿಗಿಡಗಳು, ಅವುಗಳ ನಡುವೆ ಹೆಬ್ಬೇವು. ಹೆಬ್ಬೇವು ನಮ್ಮ ಪಶ್ಚಿಮಘಟ್ಟದ ಮರವೇ. ಬೇಗ ಬೆಳೆದು ಹಣವಾಗುವುದು. ತಮ್ಮನು ಒಡಂಬಟ್ಟನು. “ಮಗಳ ಕಾಲೇಜಿಗೆ ಅದು ಸಾಕಾಗದಿದ್ದರೆ?” ಎಂದು ಕೇಳಿದುದಕ್ಕೆ, ಕೊರತೆಯಾದುದನ್ನು ಪಟ್ಟಣದಲ್ಲಿರುವ ನಾವು ಭರಿಸತಕ್ಕದ್ದೆಂದು ಒಪ್ಪಿಕೊಂಡೆವು, ನೆಲಕ್ಕೆ ಆದ ನಷ್ಟದಲ್ಲಿ ನಮ್ಮ ಪಾಲೂ ಇತ್ತಷ್ಟೆ. ಇನ್ನೊಂದು ಎಕರೆಯಲ್ಲಿ ಹಿಪ್ಪೆ, ನೇರಳೆ, ನೆಲ್ಲಿ, ಮುತ್ತುಗ, ಕಕ್ಕೆ, ತಬಸಿ, ಕಮರ ಮುಂತಾದುವು ಬೆರಕೆಯಾಗಿ. ಬದುವಿನಲ್ಲಿ ಹೊಂಗೆ ಮತ್ತು ಬೇವು. ಬತ್ತಿದ ಬಾವಿಯ ಬಳಿ ಒಂದು ಅತ್ತಿ. ಈ ವರ್ಷ ನೆಡುವುದು ಇಪ್ಪತ್ತೇ ಸಸಿ. ವಾರಕ್ಕೊಮ್ಮೆ ಹೋಗಿ ನೋಡುವ ಸರದಿಯನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿದ್ದೇವೆ.

ದೊಡ್ಡಮ್ಮನವರು ಎಲ್ಲವನ್ನೂ ಕೇಳಿ, “ಹಿಪ್ಪೆ ಹೂ ಬಿಡೋ ಹೊತ್ತಿಗೆ ನಾನೆಲ್ಲಿರ್ತೀನಿ? ಹೋಗ್ಲಿ ಬಿಡ್ರಪ್ಪ, ಬಾವಲಿಗಳು ಬಂದು ತಿಂತಾವಲ್ಲ” ಎಂದು ಎದ್ದು ಒಳಗೆ ಹೋದರು.

ಗುಣಿಗಳನ್ನು ಈಗಾಗಲೇ ತೋಡಿಸಿದ್ದೇವೆ. ಬೇಸಗೆಯ ಬಿಸಿಲು ಕುಡಿದ ಗುಣಿಗೆ ಮೃಗಶಿರೆಯ ಮಳೆ ಬಿದ್ದೊಡನೆ ಸಸಿಯಿಡುವುದು ಮೇಲೆಂದು ಹಿರಿಯರ ಮಾತು. ವಾಚಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಮನೆಯ ಹಿತ್ತಿಲಲ್ಲಾಗಲಿ, ಹೊಲದ ಬದುವಿನಲ್ಲಾಗಲಿ, ಈ ಮುಂಗಾರಿನಲ್ಲಿ ನೆಡುವ ಮುನ್ನ ಮನೆಯ ಹಿರಿಯರನ್ನು ಒಮ್ಮೆ ಕೇಳಿರಿ, ಈ ನೆಲದಲ್ಲಿ ಹಿಂದೆ ಯಾವ ಮರವಿತ್ತು, ಅದರ ಮೇಲೆ ಯಾವ ಹಕ್ಕಿ ಕೂರುತ್ತಿದ್ದಿತು ಎಂದು. ಅವರು ಹೇಳಿದ ಮರದ ಬೀಜವನ್ನು ಸಮೀಪದಲ್ಲಿಯೇ ಹುಡುಕಿ ತನ್ನಿರಿ. ಒಂದನ್ನೇ ನೆಡಿರಿ, ಆದರೆ ಮೂರು ಬೇಸಗೆ ಅದಕ್ಕೆ ನೀರೆರೆಯಿರಿ.